ಕಾಲುವೆಯ ಬಾಯಲ್ಲಿ ನಿಂತ ಹೂವು

"ಬುದ್ಧಿ, ಒಂದು ಹೊತ್ತು ಮಾಡುತ್ತಿದ್ದ ಪೂಜೆಯನ್ನು ಮೂರು ಹೊತ್ತು ಮಾಡಿದೆ. ಸೋಮವಾರದ ಉಪವಾಸಕ್ಕೆ ಗುರುವಾರವನ್ನೂ ಸೇರಿಸಿದೆ. ಮಠದಲ್ಲಿ ನನ್ನಷ್ಟು ನೇಮದವನು ಇನ್ನೊಬ್ಬನಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಆದರೂ ಒಳಗೆ ಬೆಳಕು ಕಾಣದು. ಇನ್ನು ಯಾವ ದೊಡ್ಡ ವ್ರತ ಹಿಡಿಯಲಿ?" ಎಂದು ಮರುಳಯ್ಯನೆಂಬ ಶಿಷ್ಯನು ಗುರುಗಳನ್ನು ಕೇಳಿದನು.

ಗುರುಗಳು ಅವನ ಹಣೆಯ ದಪ್ಪ ವಿಭೂತಿಯನ್ನು ನೋಡಿ ಮುಗುಳ್ನಕ್ಕು ಈ ಕತೆಯನ್ನು ಹೇಳಿದರು.

ಬೆಟ್ಟಗಳ ನಡುವೆ ಒಂದು ಬಡ ದೇಶ. ಅಲ್ಲಿನ ಒಂದು ಊರಿಗೆ ಕರೆಂಟು ಕೊಡಲು ಎರಡು ಯಂತ್ರಗಳಿದ್ದವು. ಒಂದು ನೀರಿನದು, ಒಂದು ಡೀಸೆಲಿನದು. ನೀರಿನ ಯಂತ್ರವನ್ನು ನೋಡಿಕೊಳ್ಳುವವನು ಒಬ್ಬ ಭಕ್ತ. ಡೀಸೆಲ್ ಯಂತ್ರ ಅವನ ಹೆಂಡತಿಯ ತಮ್ಮನದು. ಹೊಳೆ ತುಂಬಿದಾಗ ಭಾವನ ಯಂತ್ರ ಓಡುವುದು, ಬತ್ತಿದಾಗ ಭಾವಮೈದನದು. ಹೀಗೆ ದೇವರ ದಯೆಯಿಂದ ಊರಿಗೆ ಬೆಳಕಿತ್ತು.

ಹೊಳೆಯ ನೀರು ಕಾಲುವೆಯಲ್ಲಿ ಹರಿದುಬಂದು ಯಂತ್ರದ ಚಕ್ರವನ್ನು ತಿರುಗಿಸಬೇಕು. ಕಸಕಡ್ಡಿ ಒಳಗೆ ಹೋಗದಿರಲೆಂದು ಕಾಲುವೆಯ ಬಾಯಿಗೆ ಕಬ್ಬಿಣದ ಕಂಬಿಗಳನ್ನು ನೆಟ್ಟಿದ್ದರು. ಭಕ್ತನು ಬೆಳಿಗ್ಗೆ ಸಂಜೆ ಉದ್ದ ಕೋಲಿನ ತುದಿಗೆ ಹಲ್ಲುಗಳಿದ್ದ ಹಲುಬೆ ಹಿಡಿದು, ಕಂಬಿಗೆ ಸಿಕ್ಕ ಎಲೆ, ಕಡ್ಡಿ, ಹರಿದ ಚಪ್ಪಲಿ ಎಲ್ಲವನ್ನೂ ಎಳೆದು ಹಾಕುತ್ತಿದ್ದನು. ಹೂವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮದುವೆಯಾಗಲಿ, ನಾಮಕರಣವಾಗಲಿ, ಊರಿನವರು ಹಾರವನ್ನು ಆ ಕಾಲುವೆಯ ಬಾಯಲ್ಲೇ ಗಂಗಮ್ಮನಿಗೆ ಒಪ್ಪಿಸುವುದು ವಾಡಿಕೆ. ಗಂಗೆಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಬಾರದೆಂಬುದು ಹಿರಿಯರ ಕಟ್ಟಳೆ.

ಬರುಬರುತ್ತಾ ದೀಪ ಮಂಕಾಯಿತು. ಗಂಗಮ್ಮ ಮುನಿದಳೆಂದು ಊರು ಹೆದರಿತು. ಪ್ರತಿ ಮನೆಯಿಂದ ಸಂಜೆ ಒಂದು ಮೊಳ ಹೂ ಬಂತು. ದೀಪ ಇನ್ನೂ ಮಂಕಾಯಿತು. ಮೊಳ ಹೋಗಿ ಮಾರಾಯಿತು. ಒಂದೊಂದು ಹಾರವನ್ನೂ ಭಕ್ತನು ಕಣ್ಣಿಗೊತ್ತಿಕೊಂಡು ತಾನೇ ನೀರಿಗೆ ಬಿಟ್ಟನು. ಒಳಗೆ ಹೋಗಲಾರದ ನೀರು ಪಕ್ಕದ ಕಟ್ಟೆಯ ಮೇಲಿಂದ ಉಕ್ಕಿ ಹೊಳೆಗೆ ಮರಳುತ್ತಿತ್ತು. ಅದನ್ನು ತೋರಿಸಿ ಅವನು, "ನೋಡಿ, ತಾಯಿ ಒಲಿದು ತುಂಬಿ ತುಳುಕುತ್ತಿದ್ದಾಳೆ. ಇನ್ನು ದೋಷ ಯಂತ್ರದ್ದೇ" ಎನ್ನುತ್ತಿದ್ದನು.

ಯಂತ್ರದ ದೋಷಕ್ಕೆ ಮದ್ದೇನು? ದೊಡ್ಡ ಯಂತ್ರ. ಮೊದಲು ಡೀಸೆಲಿನದನ್ನು ದೊಡ್ಡದು ಮಾಡಿದರು. ಅದು ಬಂದ ಮೇಲೆ ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆ, ತೆಗೆಯುವ ಹೊತ್ತಿಗೆ ಕರಿ ಕಂಬಳಿಯಾಗಿರುತ್ತಿತ್ತು. ಡೀಸೆಲು ಹೇಸರಗತ್ತೆಯ ಬೆನ್ನ ಮೇಲೆ ಬೆಟ್ಟ ದಾಟಿ ಬರಬೇಕು. ದಾರಿಯಲ್ಲಿ ಹೇಸರಗತ್ತೆ ಮಲಗಿದರೆ ಊರೂ ಕತ್ತಲಲ್ಲಿ ಮಲಗುತ್ತಿತ್ತು.

ಕಡೆಗೆ ಆ ದೇಶದ ಮಂತ್ರಿಯು ನೀರಿನ ಯಂತ್ರಕ್ಕೂ ಪರದೇಶದಿಂದ ಹೊಸ ಚಕ್ರ ತರಿಸಿದನು. ಚಕ್ರದೊಡನೆ ಬಂದ ಎಂಜಿನಿಯರನು, "ಕಂಬಿಗಳನ್ನು ಶುದ್ಧವಾಗಿ ಇಟ್ಟಿದ್ದೀಯಾ?" ಎಂದು ಕೇಳಿದನು. "ಒಂದು ಎಲೆ ಸಿಕ್ಕರೆ ನನ್ನ ಕಿವಿ ಹಿಂಡಿ, ಸ್ವಾಮಿ" ಎಂದನು ಭಕ್ತ. ಅವನು ಸುಳ್ಳು ಹೇಳುವವನಲ್ಲ, ಹೇಳಲೂ ಇಲ್ಲ.

ಹೊಸ ಚಕ್ರ ತಿರುಗುವ ಸಂಜೆ ಊರಿಗೆ ಊರೇ ಹೂ ಹೊತ್ತು ಬಂತು. ಬಾಳೆಕಂಬ, ತೆಂಗಿನಕಾಯಿ, ಗಾಡಿಯುದ್ದದ ಸೇವಂತಿಗೆ ಹಾರ, ಎಲ್ಲವೂ ಗಂಗಮ್ಮನ ಪಾಲಾಯಿತು. ಮಂತ್ರಿಯು ಹಿಡಿಕೆ ತಿರುಗಿಸಿದನು. ಬಲ್ಬು ಊದುಬತ್ತಿಯ ತುದಿಯಷ್ಟು ಕೆಂಪಾಗಿ ಅಷ್ಟಕ್ಕೇ ನಿಂತಿತು. ಪೂಜಾರಿ ಅದಕ್ಕೇ ಒಂದು ಮಂಗಳಾರತಿ ಎತ್ತಿದನು. ಆರತಿಯ ಬೆಳಕಿನಲ್ಲಿ ಬಲ್ಬು ಎಲ್ಲಿದೆಯೆಂದು ಜನರಿಗೆ ಕಂಡಿತು.

"ಭಾವ, ನಮ್ಮ ಡೀಸೆಲಪ್ಪನನ್ನು ಎಬ್ಬಿಸಲೇ? ನಿಮ್ಮ ಗಂಗಮ್ಮ ಹಾರ ಹಾಕಿಸಿಕೊಂಡು ಮಲಗಿಬಿಟ್ಟ ಹಾಗಿದೆ" ಎಂದನು ಭಾವಮೈದ.

"ಬಾಯಿ ತೊಳೆದುಕೊಂಡು ಮಾತಾಡೋ. ತಾಯಿ ನಿದ್ದೆ ಮಾಡುವವಳಲ್ಲ."

"ಹಾಗಾದರೆ ಎಚ್ಚರವಿದ್ದೇ ಹೀಗೆ ಮಾಡುತ್ತಿದ್ದಾಳೆ ಅನ್ನಿ."

ಮಂತ್ರಿಗೆ ನಗು ಬರಲಿಲ್ಲ. ಬೆಳಗಾದೊಡನೆ ಕಾಲುವೆಯ ಬಾಯಿ ಮುಚ್ಚಬೇಕು, ಚಕ್ರವನ್ನು ಕಬ್ಬಿಣದ ಬೆಲೆಗೆ ಮಾರಬೇಕು, ಊರು ಇನ್ನು ಡೀಸೆಲಿನಲ್ಲೇ ಬಾಳಬೇಕು ಎಂದು ಅಪ್ಪಣೆ ಮಾಡಿ, ಕಂದೀಲಿನ ಬೆಳಕಿನಲ್ಲಿ ಊಟಕ್ಕೆ ಕುಳಿತನು.

ಭಕ್ತನಿಗೆ ಅನ್ನ ಇಳಿಯಲಿಲ್ಲ. ಆ ಕಾಲುವೆಯೇ ಅವನ ಗುಡಿ. ನಾಳೆ ಅದರ ಬಾಗಿಲು ಮುಚ್ಚುವುದು. ಹೆಂಡತಿ ಹಿತ್ತಲಿನ ಮಲ್ಲಿಗೆ ಕಟ್ಟಿ ಕೈಗಿತ್ತು, "ಇನ್ನೊಂದು ಸಲ ಕೇಳಿಕೊಂಡು ಬನ್ನಿ" ಎಂದಳು.

ಅವನು ಹೋಗಿ ಕಂಬಿಗಳ ಮುಂದೆ ಕುಳಿತು, "ತಾಯಿ, ಮಾರು ಮಾರು ಹೂ ಕೊಡಿಸಿದೆನಲ್ಲ, ಇನ್ನೇನು ಕೋಪ ನಿನಗೆ?" ಎಂದು ಮಲ್ಲಿಗೆಯನ್ನು ಬಿಟ್ಟನು. ಅದು ಮುಳುಗಲೂ ಇಲ್ಲ, ತೇಲಿ ಹೋಗಲೂ ಇಲ್ಲ. ಸೇವಂತಿಗೆಯ ಮೇಲೆ ಕುಳಿತೇ ಇತ್ತು. ಇದನ್ನಾದರೂ ತೆಗೆದುಕೋ ಎಂದು ಕೈಯಿಂದ ಒತ್ತಿದನು. ಕೈ ಮೊಣಕೈವರೆಗೆ ಹೂವಿನಲ್ಲೇ ಇಳಿಯಿತು. ಇನ್ನೂ ಇಳಿಸಿದನು. ನಾರು, ತೆಂಗಿನಕಾಯಿ, ಮತ್ತೆ ನಾರು. ಬೆರಳಿಗೆ ಏನೋ ತೊಡರಿತು. ಎಳೆದು ನೋಡಿದರೆ ಅವನದೇ ಮದುವೆಯ ಹಾರದ ಜರಿ. ಹೂ ಕೊಳೆತು ಎಷ್ಟೋ ಕಾಲವಾಗಿತ್ತು. ಜರಿ ಹಾಗೆಯೇ ಇತ್ತು.

ಊರು ಕೊಟ್ಟ ಒಂದು ಹಾರವೂ ತಾಯಿಗೆ ಮುಟ್ಟಿರಲಿಲ್ಲ.

ಭಕ್ತನು ಕೆನ್ನೆ ಕೆನ್ನೆ ಬಡಿದುಕೊಂಡನು. "ತಪ್ಪಾಯಿತು ತಾಯಿ. ನಿನ್ನ ಕೈ ಸೇರದ್ದನ್ನು ತೆಗೆದರೆ, ಕೊಟ್ಟದ್ದನ್ನು ಹಿಂದಕ್ಕೆ ತೆಗೆದಂತಲ್ಲ" ಎಂದು ಹಲುಬೆ ಎತ್ತಿಕೊಂಡನು. ಎಳೆದೆಳೆದು ಕಟ್ಟೆಯ ಆಚೆ ಹೊಳೆಗೆ ಹಾಕಿದನು. ಹೊಳೆ ಎಲ್ಲವನ್ನೂ ಮಡಿಲಲ್ಲಿ ತುಂಬಿಕೊಂಡು ನಡೆಯಿತು.

ಮಂತ್ರಿಯ ಊಟ ದೊಡ್ಡದು. ಎಲೆಗೆ ಪಾಯಸ ಬೀಳುವ ಹೊತ್ತಿಗೆ ತಲೆಯ ಮೇಲಿನ ದೀಪ ಝಗ್ಗೆಂದು ಹತ್ತಿ, ಪಾಯಸದಲ್ಲಿದ್ದದ್ದು ದ್ರಾಕ್ಷಿಯಲ್ಲ, ನೊಣ ಎಂದು ಅವನಿಗೆ ತಿಳಿಯಿತು. ಭಾವಮೈದನು ಓಡಿಹೋಗಿ ಡೀಸೆಲ್ ಯಂತ್ರವನ್ನು ಮುಟ್ಟಿ ನೋಡಿದನು. ತಣ್ಣಗಿತ್ತು.

ಬೆಳಗಾಯಿತು. ಕಾಲುವೆ ಮುಚ್ಚುವ ಮಾತನ್ನು ಯಾರೂ ಎತ್ತಲಿಲ್ಲ. ಮಹಾಪೂಜೆ ಫಲಿಸಿತೆಂದು ಊರಿನವರು ಎರಡರಷ್ಟು ಹೂ ಹೊತ್ತು ಬಂದರು. ಭಕ್ತನು ಹಲುಬೆಯನ್ನು ಅಡ್ಡ ಹಿಡಿದು, "ಹೊಳೆಗೆ ಬಿಡಿ, ಕಂಬಿಗೆ ಬೇಡ" ಎಂದನು. ಅಂದಿನಿಂದ, ದೀಪ ಬಂದದ್ದೇ ತಡ ಇವನ ಭಕ್ತಿ ಇಳಿಯಿತು ಎಂದು ಊರು ಗೊಣಗತೊಡಗಿತು.

ಮರುಳಯ್ಯನು ಹೊಟ್ಟೆ ಹಿಡಿದುಕೊಂಡು ನಕ್ಕನು. "ಬುದ್ಧಿ, ಬೆಳಿಗ್ಗೆ ಸಂಜೆ ಆ ಕಂಬಿಯನ್ನೇ ಶುಚಿ ಮಾಡುತ್ತಿದ್ದವನಿಗೆ ಅಷ್ಟೂ ಕಾಣಲಿಲ್ಲವೇ?"

"ಕಸವಾಗಿದ್ದರೆ ಎಂದೋ ತೆಗೆದಿರುತ್ತಿದ್ದನಪ್ಪ, ಕಟ್ಟಿಕೊಂಡಿದ್ದು ಹೂವು" ಎಂದರು ಗುರುಗಳು.

ಮರುಳಯ್ಯನ ನಗು ಅಲ್ಲಿಗೇ ನಿಂತಿತು.