ಮುಂದೆ ನಿಂತ ಯೂನಿಕ್

ಮಾಬುಸಾಬರ ಪ್ರೆಸ್ಸಿನ ಹಳೇ ಕಂಪ್ಯೂಟರಿನಲ್ಲಿ ಬಿಟ್ಟಿ ದುಡಿಯುವ ಎರಡು ಪ್ರೋಗ್ರಾಮ್‌ಗಳಿದ್ದವು. ಸಾರ್ಟ್ ಎಂಬವನು ಹೆಸರುಗಳನ್ನು ಅಕ್ಷರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದ. ಅವನ ಹಿಂದೆ ಯೂನಿಕ್ ಬಂದು, ಮತ್ತೆ ಮತ್ತೆ ಬಂದ ಹೆಸರನ್ನು ಎತ್ತಿ ಬಿಸಾಕುತ್ತಿದ್ದ. ಯೂನಿಕ್‌ಗೆ ಹೊಟ್ಟೆಯೇ ಇಲ್ಲ, ಆದರೂ ಹೊಟ್ಟೆಯುರಿ.

"ಕಸ ತೆಗೆಯೋನು ನಾನು, ಮೊದಲ ಮರ್ಯಾದೆ ಮಾತ್ರ ನಿನಗಾ? ಇವತ್ತು ನಾನೇ ಮುಂದೆ!"

"ಹೋಗಪ್ಪಾ ದೊರೆ, ತಡೆದೋರ್ಯಾರು?" ಎಂದು ಸಾರ್ಟ್ ಹಿಂದೆ ಸರಿದ.

ಮದುವೆ ಕಾರ್ಡಿನ ಮೇಲೆ ಅಚ್ಚು ಹಾಕಲು, ಕರೆಯಬೇಕಾದವರ ಹೆಸರುಗಳು ಬಂದವು. ಯೂನಿಕ್‌ನದು ಒಂದೇ ಚಾಳಿ: ಒಂದು ಹೆಸರನ್ನು ಅದರ ಪಕ್ಕದ್ದಕ್ಕೆ ಮಾತ್ರ ಹೋಲಿಸಿ ನೋಡುವುದು. ಚೆನ್ನಬಸಮ್ಮ ಎಂಬ ಮುದುಕಿ ಮೊದಲಿಗೊಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಬಂದಳು. ಮೂರು ಸಲವೂ ಆರಾಮಾಗಿ ಒಳಗೆ ಹೋದಳು. ಹಿಂದಿದ್ದ ಸಾರ್ಟ್ ತನ್ನ ಪಾಡಿಗೆ ಆ ಮೂರನ್ನೂ ಒಟ್ಟಿಗೆ ತಂದು ನಿಲ್ಲಿಸಿದ.

ಮಾಬುಸಾಬರು ಕನ್ನಡಕ ಏರಿಸಿದರು. "ಲೇ ಯೂನಿಕ್, ಒಬ್ಬಳೇ ಮುದುಕಿಗೆ ಮೂರು ಕಾರ್ಡೇನೋ? ನಿನ್ನನ್ನ ಅಳಿಸಿಬಿಡ್ತೀನಿ ನೋಡು!"

"ಸಾರ್ಟಣ್ಣಾ, ಉಳಿಸೋ!"

"ಪಕ್ಕದವನ ಮೇಲಷ್ಟೇ ಕಣ್ಣಿಟ್ಟೋನಿಗೆ ದೂರದ್ದು ಹೆಂಗೆ ಕಾಣ್ಬೇಕಪ್ಪಾ?" ಎನ್ನುತ್ತಾ ಸಾರ್ಟ್ ಮುಂದೆ ಬಂದು ನಿಂತ.

ಈ ಸಲ ಮೂರು ಹೆಸರೂ ಪಕ್ಕಪಕ್ಕ ಬಂದವು, ಯೂನಿಕ್ ಎರಡನ್ನು ಎತ್ತಿ ಬಿಸಾಕಿದ, ಚೆನ್ನಬಸಮ್ಮ ಒಬ್ಬಳೇ ಉಳಿದಳು. ಮಾಬುಸಾಬರು "ಭಲೇ!" ಎಂದರು.

ಯೂನಿಕ್ ಮೆಲ್ಲಗೆ ಕೇಳಿದ, "ಆ ಭಲೇ ಅಂದದ್ದು ನಿನಗೋ, ನನಗೋ?"