ಫಿಟ್ಟರನ ಎರಡು ವಾಷರ್

"ತಪ್ಪು ನಂದಿತ್ತು. ಯಾರಿಗೂ ಹೇಳದ ನಾನ ಅದನ್ನ ಸರಿ ಮಾಡಿದೆ. ಯಾರಿಗೂ ಏನೂ ಹಾನಿ ಆಗಲಿಲ್ಲ. ಅಜ್ಜಾರ, ಇನ್ನ ಅದನ್ನ ಬಾಯಿಬಿಟ್ಟು ಹೇಳಾಕ ಬೇಕೇನ್ರಿ?"

ಹೀಗೆ ಕೇಳಿದವನು ಅಡವೆಯ್ಯ, ಮಠದಲ್ಲಿ ಐದು ವರ್ಷದಿಂದ ಇದ್ದ ಶಿಷ್ಯ. ಹದಿನೈದು ದಿನದ ಹಿಂದೆ ಅವನು ಹುಲ್ಲು ಹಾಕಿ ಬರುವಾಗ ದನದ ಮನೆಯ ಬಾಗಿಲಿನ ಅಗಳಿ ಹಾಕುವುದನ್ನು ಮರೆತಿದ್ದ. ಹಸುವೊಂದು ಹೊರಬಿದ್ದು ಹಳ್ಳದ ಕಡೆ ಹೊರಟಿತ್ತು. ಅವನೇ ಓಡಿಹೋಗಿ ಹಿಡಿದು ತಂದು ಕಟ್ಟಿದ. ದನ ನೋಡಿಕೊಳ್ಳುವ ಫಕೀರವ್ವ, ಅಗಳಿ ಹಾಕಲು ತಾನೇ ಮರೆತೆನೆಂದು ತಿಳಿದಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಈಗ ಗುರುಗಳಾದ ಅಜ್ಜಾರ ಮುಂದೆ ಕೇಳುವಾಗಲೂ ಹಸುವಿನ ಸುದ್ದಿ ಎತ್ತಲಿಲ್ಲ.

ಅಜ್ಜಾರು ಅವನ ಮುಖ ನೋಡಲಿಲ್ಲ. ಅಂಗಳದ ಆಚೆ ಫಕೀರವ್ವ ದನದ ಮನೆಯ ಅಗಳಿ ಹಾಕಿ ನಾಲ್ಕು ಹೆಜ್ಜೆ ಬಂದಳು. ನಿಂತಳು. ತಿರುಗಿ ಹೋಗಿ ಅದನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಅಷ್ಟನ್ನು ನೋಡಿ ಅಜ್ಜಾರು ಕತೆ ಶುರುಮಾಡಿದರು.

ಒಂದು ರೈಲ್ವೆ ಊರಿನಲ್ಲಿ ಒಬ್ಬ ಫಿಟ್ಟರ್ ಇದ್ದ. ಲೋಕೋ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಎಂಜಿನ್ ಬಿಚ್ಚಿ ಜೋಡಿಸಿ ರಿಟೈರ್ ಆದವನು. ಅವನ ಕೈ ಮುಟ್ಟಿ ಹೊರಗೆ ಹೋದ ಎಂಜಿನ್ ಅದೇ ಕಾಯಿಲೆಗೆ ತಿರುಗಿ ಬಂದದ್ದಿಲ್ಲ ಎಂದು ಶೆಡ್ಡಿನಲ್ಲಿ ಹೆಸರಿತ್ತು. ಆ ಹೆಸರನ್ನು ಇತರರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲೊಲ್ಲದು. ಹೆಂಡತಿ ಕೇಳದಿದ್ದರೂ ಮಿಕ್ಸರ್ ಬಿಚ್ಚಿದ, ಹೊಲಿಗೆ ಯಂತ್ರ ಬಿಚ್ಚಿದ. ಕೊನೆಗೆ ಅವಳೇ ಅವನನ್ನು ಹೊರಗೆ ಅಟ್ಟುವಂತಾಯಿತು.

ಹಾಗೆ ಅಲೆಯುವಾಗ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಗೇಣುದ್ದದ ಉಗಿ ಎಂಜಿನ್ ಕಣ್ಣಿಗೆ ಬಿತ್ತು. ಆಟಿಕೆಯಲ್ಲ. ದೊಡ್ಡ ಎಂಜಿನ್ನಿನ ಅಳತೆ ಹಿಡಿದು ಚಿಕ್ಕದಾಗಿ ಮಾಡಿದ ಮಾದರಿ. ಒಳಗೆ ಮೋಟರ್ ಇತ್ತು. ಹಳಿಯಿಂದ ಕರೆಂಟು ತೆಗೆದುಕೊಂಡು ಓಡುವಂಥದ್ದು. ಯಾರದೋ ಅಟ್ಟದ ಮೇಲೆ ಎಷ್ಟೋ ವರ್ಷ ಬಿದ್ದಿತ್ತು. ಚಿಮಣಿ ಮುರಿದಿತ್ತು, ಗ್ರೀಸು ಬೆಲ್ಲದ ಹಾಗೆ ಗಟ್ಟಿಯಾಗಿತ್ತು, ಯಾರೋ ಅದಕ್ಕೆ ಹಸಿರು ಬಣ್ಣ ಬಳಿದು ಕೆಡಿಸಿದ್ದರು. ಫಿಟ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದ.

ಎರಡು ತಿಂಗಳು ಅದರ ಮುಂದೆ ಕೂತ. ಒಂದೊಂದು ತುಣುಕನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ಮೋಟರಿನೊಳಗೆ ಕರೆಂಟು ಮುಟ್ಟಿಸುವ ಹೊಸ ಬ್ರಷ್ ಹಾಕಿದ. ಹಸಿರು ಕೆರೆದು ಕಪ್ಪು ಬಳಿದ. ಮುರಿದ ಚಿಮಣಿಯ ಬದಲು ಹಿತ್ತಾಳೆಯದನ್ನು ಕಡೆದು ಕೂಡಿಸಿದ. ಮುಂದೆ ಜೀರಿಗೆ ಕಾಳಿನಷ್ಟು ಬಲ್ಬು ಇಟ್ಟ. ತಾನು ಶೆಡ್ಡಿನಲ್ಲಿ ಬಹಳ ಕಾಲ ನೋಡಿಕೊಂಡಿದ್ದ ಒಂದು ಎಂಜಿನ್ನಿನ ನಂಬರನ್ನು ಹಿತ್ತಾಳೆ ತಗಡಿನಲ್ಲಿ ಕೊರೆದು ಪಕ್ಕಕ್ಕೆ ಅಂಟಿಸಿದ. ಆ ನಂಬರು ಮತ್ತೆ ಕಣ್ಣೆದುರು ಕಂಡಾಗ ಅದನ್ನು ಹೆಬ್ಬೆರಳಿನಿಂದ ಎರಡು ಸಲ ಒರೆಸಿದ.

ಹೀಗೆ ಬಿಚ್ಚುವಾಗ ಒಂದು ಐಬು ಕಂಡಿತ್ತು. ಆರು ಗಾಲಿಗಳಲ್ಲಿ ನಡುವಿನ ಜೋಡಿಯ ಅಚ್ಚು ಅತ್ತಿತ್ತ ಉಗುರಿನ ದಪ್ಪದಷ್ಟು ಸರಿಯುತ್ತಿತ್ತು. ಅಚ್ಚು ಹೀಗೆ ಸರಿದಾಡಿದರೆ ಎಂಜಿನ್ ಸವೆದಿದೆ ಎಂದು ಶೆಡ್ಡಿನಲ್ಲಿ ಬರೆಯುತ್ತಿದ್ದರು, ಅದನ್ನು ಬಿಗಿ ಮಾಡುವವನೇ ಫಿಟ್ಟರ್. ಅವನು ಹೆಚ್ಚು ಯೋಚಿಸಲಿಲ್ಲ. ನಡುವೆ ತೂತಿರುವ ಎರಡು ತೆಳು ಹಿತ್ತಾಳೆ ವಾಷರ್ ಮಾಡಿ ಗಾಲಿಯ ಒಳಮಗ್ಗುಲಿಗೆ ಆ ಕಡೆ ಒಂದು, ಈ ಕಡೆ ಒಂದು ತೂರಿಸಿದ. ಅಚ್ಚು ಬಿಗಿಯಾಯಿತು. ಮನೆಯಲ್ಲಿದ್ದ ಮೊಳದುದ್ದದ ನೇರ ಹಳಿಯ ಮೇಲಿಟ್ಟು ಓಡಿಸಿದ. ಎಣ್ಣೆ ಹಚ್ಚಿದ ಹಾಗೆ ಓಡಿತು.

ಅದೇ ಓಣಿಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ರೈಲು ಹಳಿ ಹಾಕುವ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದವನು. ಓದು ಬಾರದು. ನೆಲಕ್ಕೆ ಕೆನ್ನೆ ಹಚ್ಚಿ ಹಳಿಯುದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿದರೆ ಎಲ್ಲಿ ಡೊಂಕು, ಎಲ್ಲಿ ತಗ್ಗು ಎಂದು ಹೇಳುತ್ತಿದ್ದ. ರಿಟೈರ್ ಆದ ಮೇಲೆ ನಾಲ್ಕು ವರ್ಷ ಕೂತು ತನ್ನ ಪಡಸಾಲೆಯಲ್ಲಿ ಹಲಗೆಯ ಮೇಲೆ ಚಿಕ್ಕ ಹಳಿ ಹಾಕಿದ್ದ. ತೇಗದ ಚಕ್ಕೆಯನ್ನು ಬೆಂಕಿಕಡ್ಡಿಯ ಉದ್ದಕ್ಕೆ ಸೀಳಿ ಹಳಿಯ ಕೆಳಗೆ ಅಡ್ಡ ಹಾಕುವ ಸ್ಲೀಪರ್ ಮಾಡಿದ್ದ. ಹಳಿ ಇತ್ತು, ಎಂಜಿನ್ ಇರಲಿಲ್ಲ. ಮೇಸ್ತ್ರಿ, ನಿನ್ನ ಗಾಡಿ ಎಷ್ಟು ವರ್ಷ ಲೇಟು ಎಂದು ಹಳೆಯ ಗ್ಯಾಂಗಿನವರು ಕಾಡುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಫಿಟ್ಟರ್ ತನ್ನ ಎಂಜಿನ್ನನ್ನು ಅವನ ಹಳಿಯ ಮೇಲೆ ಓಡಿಸುವುದಾಗಿ ಮಾತು ಕೊಟ್ಟ. ಭಾನುವಾರ ಗೊತ್ತಾಯಿತು. ಗ್ಯಾಂಗಿನ ಎಂಟು ಜನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಮೇಸ್ತ್ರಿಯ ಹೆಂಡತಿ ಅವಲಕ್ಕಿ ಹಚ್ಚಿದ್ದಳು. ಫಿಟ್ಟರ್ ಎಂಜಿನ್ ಇಟ್ಟು ಸ್ವಿಚ್ ತಿರುಗಿಸಿದ.

ಎಂಜಿನ್ ದೊಡ್ಡ ತಿರುವು ದಾಟಿತು, ಗೋಡೆಯ ಬದಿಯ ತಿರುವು ದಾಟಿತು. ಕಂಬದ ಬಳಿ ಬಿಗಿಯಾದ ಒಂದು ತಿರುವಿತ್ತು. ಅಲ್ಲಿ ಗಾಲಿಯ ಅಂಚು ಹಳಿಯ ಮೇಲೆ ಏರಿತು, ಎಂಜಿನ್ ಮಗ್ಗುಲಾಗಿ ಬಿತ್ತು. ಎತ್ತಿ ಇಟ್ಟರು. ಮತ್ತೆ ಅಲ್ಲೇ ಬಿತ್ತು. ಮೂರನೆಯ ಸಲ ಬಿದ್ದಾಗ ನಂಬರಿನ ತಗಡು ಕಳಚಿ ನೆಲಕ್ಕೆ ಹೋಯಿತು. ಯಾರೂ ಅವಲಕ್ಕಿಗೆ ಕೈ ಹಾಕಲಿಲ್ಲ. ಎಲ್ಲರೂ ಫಿಟ್ಟರನನ್ನೇ ನೋಡುತ್ತಿದ್ದರು. ಅವನ ಕಿವಿ ಬಿಸಿಯಾದವು.

"ಎಂಜಿನ್ನಿನಾಗ ಏನೂ ಐಬಿಲ್ಲ," ಎಂದ ಅವನು. "ನಿನ್ನ ತಿರುವು ನೋಡ್ಕೋ, ಮೇಸ್ತ್ರಿ."

ಗ್ಯಾಂಗಿನವರು ತಲೆ ತಗ್ಗಿಸಿದರು. ಮೇಸ್ತ್ರಿ ಹಲಗೆಗೆ ಕೆನ್ನೆ ಹಚ್ಚಿ ನೋಡಿದ. ಅಳತೆಪಟ್ಟಿ ಹಿಡಿದು ನೋಡಿದ. ಅವನ ಕಣ್ಣಿಗೂ ಪಟ್ಟಿಗೂ ಎಲ್ಲ ಸರಿಯಿತ್ತು. ಆದರೆ ಹೇಳಿದವನು ಫಿಟ್ಟರ್, ಓದಿದವನು, ಹೆಸರಾದವನು. ಮೇಸ್ತ್ರಿ ಆ ತಿರುವನ್ನು ಕಿತ್ತು ಹೊಸದಾಗಿ ಹಾಕಿದ. ಒಂದು ವಾರ ಹಿಡಿಯಿತು. ಎಂಜಿನ್ ಮತ್ತೆ ಅಲ್ಲೇ ಬಿತ್ತು. ಮುಂದಿನ ಭಾನುವಾರದೊಳಗೆ ಇನ್ನೊಮ್ಮೆ ಹಾಕುತ್ತೇನೆಂದು ಮೇಸ್ತ್ರಿ ಮೊಳೆ ಕೀಳತೊಡಗಿದ.

ಫಿಟ್ಟರ್ ಮನೆಗೆ ಬಂದು ಎಂಜಿನ್ನನ್ನು ಅಂಗಾತ ಮಲಗಿಸಿದ. ಗಾಲಿಯನ್ನು ಬೆರಳಿನಿಂದ ಒತ್ತಿದ. ಅಲುಗಲಿಲ್ಲ. ಆಗ ಅವನಿಗೆ ಹೊಳೆಯಿತು. ಬಿಗಿ ತಿರುವಿನಲ್ಲಿ ನಡುವಿನ ಗಾಲಿ ಒಂದಿಷ್ಟು ಪಕ್ಕಕ್ಕೆ ಸರಿದರೆ ಮಾತ್ರ ಆರೂ ಗಾಲಿ ಹಳಿಯ ಮೇಲೆ ನಿಲ್ಲುತ್ತವೆ. ಆ ಸಡಿಲು ಸವೆತವಲ್ಲ, ಮಾಡಿದವರು ಬೇಕೆಂದೇ ಬಿಟ್ಟದ್ದು. ಅವನು ಎರಡೂ ವಾಷರ್ ತೆಗೆದ. ಕಾಲು ಗಂಟೆಯ ಕೆಲಸ. ತೆಗೆದವನು ಅವನ್ನು ಎಸೆಯಲಿಲ್ಲ, ಯಾರಿಗೂ ತೋರಿಸಲಿಲ್ಲ, ಮೊಳೆಯ ಡಬ್ಬಿಯ ತಳಕ್ಕೆ ಹಾಕಿದ.

ಭಾನುವಾರ ಎಂಟು ಜನರ ಎದುರಿಗೆ ಎಂಜಿನ್ ಮತ್ತೆ ಹೊಸದಾಗಿ ಹಾಕಿದ ಕಂಬದ ತಿರುವನ್ನು ದಾಟಿತು. ಹತ್ತು ಸಲ ದಾಟಿತು. ಗ್ಯಾಂಗಿನವರು ಚಪ್ಪಾಳೆ ಹೊಡೆದರು. ಮೇಸ್ತ್ರಿಯ ಕಣ್ಣು ಒದ್ದೆಯಾದವು.

"ನೀವು ಹೇಳಿದ್ದು ಖರೆ ಆತ್ರಿ, ಸಾಹೇಬ್ರ," ಎಂದ. "ತಪ್ಪು ನನ್ನ ತಿರುವಿಂದಿತ್ತು."

ಫಿಟ್ಟರನ ಬಾಯಿ ತೆರೆಯಿತು. ಎಂಟು ಮುಖ ಕಂಡವು. ಅವನು ಅವಲಕ್ಕಿ ತಿಂದ. ಎಂಜಿನ್ ಓಡುತ್ತಿದೆ, ಎಲ್ಲರೂ ಖುಷಿಯಾಗಿದ್ದಾರೆ, ಇನ್ನು ಹೇಳಿ ಯಾರಿಗೇನು ಲಾಭ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಮಾತು ಸರಿಯಾಗಿಯೇ ಕಂಡಿತು. ಆದರೂ ಮನೆಯ ತನಕ ಅದನ್ನೇ ಹೇಳಿಕೊಳ್ಳುತ್ತ ಹೋದ.

ಮರುವಾರ ಹೋದಾಗ ಮೇಸ್ತ್ರಿ ಗೋಡೆಯ ಬದಿಯ ತಿರುವನ್ನೂ ಕೀಳುತ್ತಿದ್ದ. ಅಲ್ಲಿ ಎಂಜಿನ್ ಒಮ್ಮೆಯೂ ಬಿದ್ದಿರಲಿಲ್ಲ. ಇಂದು ಬೀಳಲಿಲ್ಲ, ನಾಳೆ ಬಿದ್ದೀತು, ಅದನ್ನೂ ಹಾಕಿದ್ದು ಇದೇ ಕಣ್ಣಲ್ಲವೇ ಎಂದ. ಫಿಟ್ಟರ್ ಬೇಡವೆಂದ, ಅದು ಗಟ್ಟಿಯಾಗಿದೆ ಎಂದ. ಯಾಕೆ ಗಟ್ಟಿಯಾಗಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಮೇಸ್ತ್ರಿ ಕೇಳಲಿಲ್ಲ. ಮೊಳೆ ಕೀಳುತ್ತಲೇ ಮೆಲ್ಲಗೆ ಮಾತಾಡಿದ.

"ಹಳ್ಳದ ರೈಲ್ವೆ ಸೇತುವೆ ತಿರುವು ನಾನ ಹಾಕಿದ್ದ್ರಿ. ಇಪ್ಪತ್ತೆರಡು ವರ್ಷ ಆತು. ದಿನಾ ಎಷ್ಟ ಮಂದಿ ಅದರ ಮ್ಯಾಲೆ ಹೋಗ್ತಾರ. ಅದೂ ಹಿಂಗ ಇದ್ದರ?"

ಫಿಟ್ಟರ್ ಏನೂ ಆಗುವುದಿಲ್ಲ ಬಿಡು ಎಂದು ಎದ್ದು ಬಂದ. ಆದರೆ ಬಿಡುವುದು ಮೇಸ್ತ್ರಿಯ ಕೈಯಲ್ಲಿರಲಿಲ್ಲ. ಎರಡು ದಿನ ಬಿಟ್ಟು ಅವನು ಹಳಿಗಳ ನಡುವಿನ ಅಗಲ ಅಳೆಯುವ ಹಳೆಯ ಗೇಜು ಹೆಗಲಿಗೆ ಹಾಕಿಕೊಂಡು ನಾಲ್ಕು ಮೈಲಿ ನಡೆದು ಆ ಸೇತುವೆಗೆ ಹೋದ. ಹಳಿಗೆ ಕೆನ್ನೆ ಹಚ್ಚಿ ಮಲಗಿದವನನ್ನು ಕಂಡು ಈಗಿನ ಗ್ಯಾಂಗಿನವರು ಗಾಬರಿಯಾಗಿ ಎಬ್ಬಿಸಿದರು. ತಲೆಗಿಲೆ ಕೆಟ್ಟಿದೆಯೇ ಎಂದು ಬೈದು, ಗೇಜು ಕಸಿದುಕೊಂಡು ಮನೆಗೆ ಕಳಿಸಿದರು. ಈ ಸುದ್ದಿ ಓಣಿಯಲ್ಲಿ ಹಬ್ಬಿ ಫಿಟ್ಟರನ ಮನೆಗೂ ಬಂತು. ಕೇಳಿದವರು ನಕ್ಕರು. ಫಿಟ್ಟರ್ ಎದ್ದು ಮೊಳೆಯ ಡಬ್ಬಿ ಬೋರಲು ಹಾಕಿದ, ಎರಡು ವಾಷರ್ ಹೆಕ್ಕಿಕೊಂಡ, ಎಂಜಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ವಾಷರ್ ಹಾಕಿ ಓಡಿಸಿದರೆ ಎಂಜಿನ್ ಬೀಳುತ್ತದೆ, ತೆಗೆದು ಓಡಿಸಿದರೆ ದಾಟುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯಾಗುತ್ತದೆ. ಹೀಗೆಂದುಕೊಳ್ಳುತ್ತ ಅವನು ಓಡಿದಂತೆ ನಡೆದ.

ಪಡಸಾಲೆಯಲ್ಲಿ ಹಲಗೆ ಬರಿದಾಗಿತ್ತು. ಮೇಸ್ತ್ರಿ ಹಳಿಗಳನ್ನೆಲ್ಲ ಕಿತ್ತು ತಂತಿಯಿಂದ ಕಟ್ಟಿ ಮೂಲೆಗೆ ನಿಲ್ಲಿಸಿದ್ದ. ಬಚ್ಚಲ ಒಲೆಯ ಮುಂದೆ ಒಂದು ಬುಟ್ಟಿ ಇತ್ತು. ಅದರಲ್ಲಿ ತೇಗದ ಸ್ಲೀಪರುಗಳು ಅರ್ಧ ಉಳಿದಿದ್ದವು. ಅರ್ಧ ನೀರು ಕಾಯಿಸಲು ಹೋಗಿದ್ದವು.

ಫಿಟ್ಟರ್ ಅಂಗೈ ಬಿಚ್ಚಿ ವಾಷರ್ ತೋರಿಸಿದ.

"ತಪ್ಪು ನಿನ್ನ ತಿರುವಿಂದಲ್ಲ, ಮೇಸ್ತ್ರಿ. ಇವೆರಡರದು. ನಾನ ಹಾಕಿದ್ದೆ, ನಾನ ತಗದೆ. ತಗದದ್ದನ್ನ ನಿನಗ ಹೇಳಲಿಲ್ಲ."

ಮೇಸ್ತ್ರಿ ವಾಷರುಗಳನ್ನು ನೋಡಿದ, ಮುಟ್ಟಲಿಲ್ಲ. ಆಮೇಲೆ ಫಿಟ್ಟರನ ಬೆವರಿದ ಮುಖ ನೋಡಿದ. ಅವನಿಗೆ ಕನಿಕರವಾಯಿತು.

"ನೀವು ದೊಡ್ಡ ಮನಸ್ಸಿನವರ್ರಿ," ಎಂದ. "ನನ್ನ ಸಮಾಧಾನಕ್ಕ ಇಷ್ಟೆಲ್ಲ ಹೇಳಾಕ ಬಂದೀರಿ. ಕೂಡ್ರಿ, ಚಹಾ ಮಾಡಸ್ತೀನಿ."

ಫಿಟ್ಟರ್ ಆಣೆ ಮಾಡಿದ. ಕಂಬದ ಬಳಿಯ ಒಂದೇ ಒಂದು ತಿರುವು ಹಾಕು, ಕಣ್ಣಾರೆ ತೋರಿಸುತ್ತೇನೆ ಎಂದು ಬೇಡಿಕೊಂಡ. ಮೇಸ್ತ್ರಿ ಅಡ್ಡಡ್ಡ ತಲೆಯಾಡಿಸಿದ. ತನ್ನ ಕಣ್ಣಿಗೆ ಸರಿ ಕಂಡದ್ದು ಸರಿಯಿರುವುದಿಲ್ಲ ಎಂದು ಈಗ ಗೊತ್ತಾಗಿದೆ, ಇನ್ನು ಯಾವ ಕಣ್ಣಿನಿಂದ ನೋಡಿ ಹಾಕಲಿ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಫಿಟ್ಟರ್ ಹೇಗೋ ತಡೆದುಕೊಳ್ಳುತ್ತಿದ್ದ. ಚಹಾ ಬಂತು. ಇಬ್ಬರೂ ಕುಡಿದರು. ಎಂಜಿನ್ ಬರಿ ಹಲಗೆಯ ಮೇಲೆ ನಿಂತಿತ್ತು.

ಅಜ್ಜಾರು ಇಲ್ಲಿಗೆ ನಿಲ್ಲಿಸಿದರು.

ಕತೆ ಅಷ್ಟಕ್ಕೇ ಮುಗಿದದ್ದು ಅಡವೆಯ್ಯನಿಗೆ ಹಿಡಿಸಲಿಲ್ಲ. ಮೇಸ್ತ್ರಿ ಇವತ್ತು ನಂಬದಿದ್ದರೆ ನಾಳೆ ನಂಬಿಯಾನು, ದಿನ ಕಳೆದಂತೆ ಅವನೇ ಮತ್ತೆ ಹಳಿ ಹಾಕಿಯಾನು ಎಂದು ವಾದಿಸಿದ. ಕಡೆಗೆ, ಅವಸರ ಯಾಕೆ, ಇಂಥದ್ದನ್ನೆಲ್ಲ ಹೊತ್ತು ನೋಡಿ ಹೇಳಿದರೂ ನಡೆಯುತ್ತದಲ್ಲವೇ ಎಂದ.

ಅಂಗಳದ ಆಚೆ ಅಗಳಿ ಮತ್ತೊಮ್ಮೆ ಸದ್ದು ಮಾಡಿತು. ಅಜ್ಜಾರು ಆ ಕಡೆ ನೋಡುತ್ತಲೇ ಹೇಳಿದರು:

"ದನದ ಮನಿ ಇನ್ನ ಬ್ಯಾರೆ ಯಾರಿಗರೆ ಒಪ್ಪಸ್ರಿ ಅಂತ ಕೇಳಾಕ ಫಕೀರವ್ವ ಇವತ್ತ ಮುಂಜಾನೆ ನನ್ನ ಕಡೆ ಬಂದಿದ್ಲು."

ಅಡವೆಯ್ಯ ಎದ್ದು ಅಂಗಳಕ್ಕೆ ಇಳಿದ.