ಹೊಳೆ ದಾಟಿದ ಏಳು ಕಲ್ಲು

ಕೃಷ್ಣೆಯ ನಡುಗಡ್ಡೆಯಲ್ಲಿ ಒಂದು ಸಣ್ಣ ಮಠ. ಗುರುಗಳು ನಿರ್ವಾಣಯ್ಯನವರು. ಶಿಷ್ಯ ಷಡಾಕ್ಷರಿ ಎಂಜಿನಿಯರಿಂಗ್ ಓದಿ ಬಂದವನು. ಮನೆ ಬಿಟ್ಟಿದ್ದ, ಲ್ಯಾಪ್‌ಟಾಪ್ ಬಿಟ್ಟಿರಲಿಲ್ಲ.

ಯಾತ್ರಿಕರಿಗೊಂದು ಛತ್ರ ಕಟ್ಟಬೇಕಿತ್ತು. ಅದರ ಖರ್ಚು ಕೇಳಲು ಸಂಜೆಗೆ ದಡದ ಊರಿನ ಹಿರಿಯರು ಬರುವವರಿದ್ದರು.

ಆ ಮಠದಲ್ಲಿ ಒಂದು ಕಟ್ಟಳೆ. ಹಿರಿಯರ ಮುಂದೆ ಒಮ್ಮೆ ಆಡಿದ ಅಂಕಿಯನ್ನು ಮತ್ತೆ ಏರಿಸುವಂತಿಲ್ಲ. ಕಡಿಮೆ ಬಿದ್ದದ್ದನ್ನು ದಾಸೋಹದ ಖರ್ಚಿನಿಂದ ಮುರಿದು ತುಂಬಬೇಕು. ಹಿಂದೆ ಗೋಶಾಲೆ ಕಟ್ಟುವಾಗ ಹಾಗೇ ಆಗಿ, ಎರಡು ತಿಂಗಳು ಬಂದವರೆಲ್ಲ ಬರೀ ನೀರು ಕುಡಿದು ಹೋಗಿದ್ದರು.

ಷಡಾಕ್ಷರಿ ಪರದೆಯ ಮೇಲೆ ಇಡೀ ಛತ್ರವನ್ನೇ ಎಬ್ಬಿಸಿ ನಿಲ್ಲಿಸಿದ್ದ. ಬೆರಳಾಡಿಸಿದರೆ ಕಟ್ಟಡ ತಿರುಗುತ್ತಿತ್ತು. ಗೋಡೆಯನ್ನು ಒಂದಡಿ ಎಳೆದರೆ ಕಲ್ಲು, ಸಿಮೆಂಟು, ಕೂಲಿ ಎಲ್ಲದರ ಲೆಕ್ಕವೂ ತಾನೇ ತಿದ್ದಿಕೊಳ್ಳುತ್ತಿತ್ತು.

"ಕಟ್ಟೂ ಕೆಲಸ ನನಗ ಒಪ್ಪಸ್ರಿ, ಅಪ್ಪಾರ," ಎಂದ.

ಗುರುಗಳು ಪರದೆ ನೋಡಿದರು. "ಎಷ್ಟು ಕಲ್ಲು?"

"ಸಾವಿರದ ಎಂಟುನೂರ ಆರು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿ ಇಲ್ಲ."

"ಎಲ್ಲಿಂದ ಬರ್ತಾವು?"

"ಬರೂದೇನ್ರಿ, ಗೋಡಿಯೊಳಗ ಅದಾವಲ್ಲ."

"ಹಂಗಾರ ಒಂದು ತಾ."

ಲಾರಿ ಬರುವುದು ಆಚೆ ದಡದವರೆಗೆ ಮಾತ್ರ. ಗೋಶಾಲೆ ಕಟ್ಟಿ ಮಿಕ್ಕ ಕಲ್ಲುಗಳು ಅಲ್ಲೇ ಬಿದ್ದಿದ್ದವು. ಅಂಬಿಗರ ಯಂಕೋಬ ಷಡಾಕ್ಷರಿಯನ್ನು ಕೂರಿಸಿಕೊಂಡು ಹರಿಗೋಲು ಬಿಟ್ಟ.

"ಎರಡು ಆಳು, ಒಂದು ಕಲ್ಲು. ಇನ್ನೊಂದು ಹೇರಿದ್ರ ಎಲ್ಲಾರೂ ತಳಕ್ಕ," ಎಂದ.

ಇಬ್ಬರೂ ಸೇರಿ ಕಲ್ಲು ತಂದು ಮಠದ ಅಂಗಳದಲ್ಲಿಟ್ಟರು. ಷಡಾಕ್ಷರಿ ಕೈ ಕೂಡ ಒರೆಸಿಕೊಳ್ಳದೆ ಲ್ಯಾಪ್‌ಟಾಪ್ ತೆರೆದ.

"ತಪ್ಪಾಗಿತ್ತು, ಅಪ್ಪಾರ. ಸಾಗಣಿ ಬಿಟ್ಟಿದ್ದೆ. ಕಲ್ಲಿಗೆ ಅರ್ಧ ತಾಸು. ಅದನ್ನ ಸಾವಿರದ ಎಂಟುನೂರ ಆರರಿಂದ ಗುಣಿಸಿ ಸೇರಿಸೀನಿ. ಈಗ ಪಕ್ಕಾ."

"ಎರಡನೇದು ತಾ," ಎಂದರು ಗುರುಗಳು.

ಎರಡನೆಯದಕ್ಕೂ ಅರ್ಧ ತಾಸೇ ಹಿಡಿಯಿತು. ಷಡಾಕ್ಷರಿಗೆ ಒಳಗೊಳಗೇ ಖುಷಿಯಾಯಿತು. ಗುರುಗಳು ಮೂರನೆಯದನ್ನು ಕೇಳಿದರು.

ನಾಲ್ಕನೆಯದನ್ನು ಹೊತ್ತು ಹೊಳೆಯಿಂದ ಮಠಕ್ಕೆ ಹತ್ತುವಾಗ ದಣಿದು ಮೆಟ್ಟಿಲ ಮೇಲೆ ಎರಡು ಸಲ ಕೂರಬೇಕಾಯಿತು. ಐದನೆಯದು ಮುಗಿದ ಮೇಲೆ ಯಂಕೋಬ ರೊಟ್ಟಿ ಗಂಟು ಬಿಚ್ಚಿದ.

"ಲಗೂ ಮುಗಸೋ, ಯಂಕೋಬಾ."

"ಹೊಟ್ಟಿ ನಿಮ್ಮ ಲೆಕ್ಕದಾಗ ಇಲ್ಲೇನ್ರಿ?"

ಏಳನೆಯ ಕಲ್ಲು ನಡುಹೊಳೆಗೆ ಬಂದಾಗ ಗಾಳಿ ಎದ್ದಿತು. ಹರಿಗೋಲು ಗಿರಗಿರನೆ ತಿರುಗಿ ಸೆಳವಿನೊಂದಿಗೆ ದೂರ ತೇಲಿಹೋಯಿತು. ಷಡಾಕ್ಷರಿ ಕಲ್ಲನ್ನೇ ತಬ್ಬಿ ಕುಳಿತ. ದಡ ಮುಟ್ಟುವಷ್ಟರಲ್ಲಿ ಎರಡು ತಾಸು ಕಳೆದಿತ್ತು.

"ಇಂಥಾ ಗಾಳಿ ಎಷ್ಟು ದಿನಕ್ಕೊಮ್ಮಿ ಬರ್ತದೋ?"

"ಗಾಳಿನ್ನ ಕೇಳ್ರಿ," ಎಂದು ಯಂಕೋಬ ನಕ್ಕ.

ಷಡಾಕ್ಷರಿಗೆ ನಗು ಬರಲಿಲ್ಲ. ಉರಿಯದ ದಾಸೋಹದ ಒಲೆ, ಖಾಲಿ ತಟ್ಟೆ ಹಿಡಿದು ಕೂತ ಜನ ಕಣ್ಣಿಗೆ ಕಟ್ಟಿದರು. ಅವನಿಗೆ ನಿಜಕ್ಕೂ ಭಯವಾಯಿತು.

ಸಂಜೆ ಹಿರಿಯರು ಬಂದು ಕುಳಿತರು. ಬಸಲಿಂಗಪ್ಪ ಗೌಡರು ಮಾತು ತೆಗೆದರು. "ಹೇಳಪಾ, ಎಷ್ಟಾಗ್ತದ?"

ಅಂಕಿ ಪರದೆಯ ಮೇಲೇ ಇತ್ತು. ಓದಿದರೆ ಸಾಕು, ಛತ್ರದ ಕೆಲಸ ಅವನದಾಗುತ್ತಿತ್ತು. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ಗೊತ್ತಿಲ್ರಿ. ಏಳು ಕಲ್ಲಿಂದು ಅಷ್ಟ ಗೊತ್ತು. ಉಳಿದದ್ದು ಹೊಳಿ ಕೂಡ, ಅಂಬಿಗರ ಕೂಡ ಕುಂತು ತಿಳಕೋಬೇಕು. ಒಂದು ತಿಂಗಳು ಕೊಡ್ರಿ."

ಗೌಡರು ಗುರುಗಳತ್ತ ತಿರುಗಿದರು. "ಏನೂ ಗೊತ್ತಿಲ್ದಾಂವನ ಕೈಯಾಗ ಛತ್ರ ಹೆಂಗ ಕೊಡೂದ್ರಿ, ಅಪ್ಪಾರ?"

"ಮುಂಜಾನಿ ಇವಗ ಎಲ್ಲಾ ಗೊತ್ತಿತ್ತು, ಗೌಡ್ರ. ಆವಾಗ ನಾ ಕೊಟ್ಟಿರಲಿಲ್ಲ."